ತಿಂಗಳ ಚಿಂತೆಗೆ ದಿನದ ಲೆಕ್ಕ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ದುಡ್ಡು ಬರುವುದು ದಿನದ ಲೆಕ್ಕದಲ್ಲಿ. ಬೆಳಿಗ್ಗೆ ಬೋಣಿ, ಮಧ್ಯಾಹ್ನದವರೆಗೆ ಚಿಲ್ಲರೆ, ಸಂಜೆ ಗಲ್ಲಾ ಎಣಿಕೆ. ಹೋಗುವುದು ಮಾತ್ರ ಬೇರೆ ಬೇರೆ ಲೆಕ್ಕದಲ್ಲಿ. ಬಾಡಿಗೆ ತಿಂಗಳ ಐದಕ್ಕೆ, ಚೀಟಿ ಹತ್ತಕ್ಕೆ, ಸಿಲಿಂಡರ್ ಮುಗಿದ ದಿನ ಗ್ಯಾಸಿಗೆ, ಜೂನ್ ಬಂತೆಂದರೆ ಮಕ್ಕಳ ಫೀಸಿಗೆ, ರಂಜಾನ್ ಬಂದರೆ ಬಟ್ಟೆಗೆ, ಸೆಪ್ಟೆಂಬರ್ ಎಂಟರ ಸೇಂಟ್ ಮೇರಿ ಹಬ್ಬಕ್ಕೆ ನೆಂಟರು ಬಂದರೆ ಅವರ ಊಟಕ್ಕೆ. ಮೂರನೇ ತಾರೀಕಿನ ರಾತ್ರಿ ಒಂಬತ್ತು ಸಾವಿರ ಬಾಡಿಗೆ ಎಂಬ ಅಂಕಿ ತಲೆಗೆ ಹತ್ತಿತೆಂದರೆ ಕೈಯಲ್ಲಿರುವ ಏಳುನೂರು ರೂಪಾಯಿ ಲೆಕ್ಕಕ್ಕೇ ಬರುವುದಿಲ್ಲ. ನಿದ್ದೆ ಕೆಡುವುದು ಅಲ್ಲಿ.

ಸಂಬಳದವರದು ತಿರುಗಾಮುರುಗಾ. ಇಂದಿರಾನಗರದ ನೂರಡಿ ರಸ್ತೆಯ ಅಂಗಡಿ, ಆಫೀಸುಗಳಲ್ಲಿ ದುಡಿಯುವವರಿಗೆ ಒಂದನೇ ತಾರೀಕು ಒಟ್ಟಿಗೆ ಬರುತ್ತದೆ. ಆಮೇಲೆ ದಿನಾ ಇಷ್ಟಿಷ್ಟೇ ಸೋರಿ, ಇಪ್ಪತ್ತರ ಹೊತ್ತಿಗೆ ಖಾತೆ ನೋಡಲೂ ಧೈರ್ಯ ಸಾಲುವುದಿಲ್ಲ.

ಇಬ್ಬರಿಗೂ ಒದಗುವ ಉಪಾಯ ಒಂದೇ: ದೊಡ್ಡ ಮೊತ್ತವನ್ನು ಒಂದೊಂದು ದಿನದ ಪಾಲಾಗಿ ಒಡೆದು, ಇವತ್ತಿನ ಪಾಲು ಎಷ್ಟು ಎಂಬುದನ್ನಷ್ಟೇ ಮುಂದಿಟ್ಟುಕೊಳ್ಳುವುದು. ಇದರಿಂದ ಆದಾಯ ಹೆಚ್ಚುವುದಿಲ್ಲ, ಸಾಲ ತಾನಾಗಿ ಕರಗುವುದಿಲ್ಲ. ಆದರೆ ತಿಂಗಳಿಡೀ ಒಂದೇ ಸಮನೆ ಒತ್ತುವ ಭಾರಕ್ಕೆ ದಿನವೂ ಒಂದು ಕೊನೆ ಸಿಗುತ್ತದೆ. ಕರ್ನಾಟಕಕ್ಕೆ ಇದೇನೂ ಹೊಸ ವಿದ್ಯೆಯಲ್ಲ. ಉಡುಪಿಯ ಒಂದು ಬ್ಯಾಂಕ್ 1928ರಲ್ಲೇ ಇದನ್ನು ಯೋಜನೆಯಾಗಿ ಜಾರಿಗೆ ತಂದಿತ್ತು. ಆ ಕಥೆಗೆ ಮುಂಚೆ ಲೆಕ್ಕ ಹಾಕುವ ಬಗೆ ನೋಡೋಣ. ಹೆಚ್ಚಿನವರು ಎಡವುವುದು ಅಲ್ಲೇ.

ಇವತ್ತಿನ ಅಂಕಿ

ಒಂಬತ್ತು ಸಾವಿರ ಬಾಡಿಗೆಯನ್ನು ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 300 ಬರುತ್ತದೆ. ಈ ಲೆಕ್ಕ ತಪ್ಪು. ಮನೆಗೆ ಮೂವತ್ತು ದಿನವೂ ಬಾಡಿಗೆ ಓಡುತ್ತದೆ, ಅಂಗಡಿ ಮಾತ್ರ ಮೂವತ್ತು ದಿನ ತೆರೆದಿರುವುದಿಲ್ಲ. ವಾರದ ರಜೆ, ಜ್ವರ, ಬಂದ್, ಮಳೆ ಎಲ್ಲ ಕಳೆದು ನಿಜವಾಗಿ ದುಡಿಯುವ ದಿನ ಎಷ್ಟೋ ಅಷ್ಟರಿಂದಲೇ ಭಾಗಿಸಬೇಕು. ತಿಂಗಳಿಗೆ 26 ದಿನ ದುಡಿಮೆ ಎಂದಿಟ್ಟುಕೊಂಡರೆ ಬಾಡಿಗೆಯ ಪಾಲು ದಿನಕ್ಕೆ 346 ರೂಪಾಯಿ. ಮುನ್ನೂರಂತೆ ಎತ್ತಿಟ್ಟವರ ಕೈಯಲ್ಲಿ ತಿಂಗಳ ಕೊನೆಗೆ 7,800 ಇರುತ್ತದೆ, 1,200 ಕಡಿಮೆ ಬೀಳುತ್ತದೆ. ಆ ಸಾವಿರದಿನ್ನೂರೇ ಮುಂದಿನ ಕೈಸಾಲ.

ಇದೇ ರೀತಿ ಉಳಿದವನ್ನೂ ಒಡೆಯಬಹುದು. ವರ್ಷಕ್ಕೆ ದುಡಿಯುವ ದಿನ 312. ಮಗುವಿನ ಶಾಲೆಗೆ ವರ್ಷಕ್ಕೆ 24,000 ಎಂದರೆ ದಿನಕ್ಕೆ 77. ಗ್ಯಾಸು, ನೀರು, ಮೊಬೈಲ್ ರೀಚಾರ್ಜ್ ಸೇರಿ ತಿಂಗಳಿಗೆ 1,300 ಆದರೆ ದಿನಕ್ಕೆ 50. ಹಬ್ಬಗಳಿಗೆ ವರ್ಷಕ್ಕೆ ಆರು ಸಾವಿರ ಇಟ್ಟುಕೊಂಡರೆ ದಿನಕ್ಕೆ ಹತ್ತಿರಹತ್ತಿರ 20. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಅಪಘಾತ ವಿಮೆಗೆ ವರ್ಷಕ್ಕೆ 20 ರೂಪಾಯಿ, ಜೀವನ್ ಜ್ಯೋತಿ ವಿಮೆಗೆ 436. ಎರಡೂ ಸೇರಿದರೆ ದಿನಕ್ಕೆ ಒಂದೂವರೆ ರೂಪಾಯಿ, ಎರಡು ಎಂದೇ ಹಿಡಿಯೋಣ. ಒಂದೊಂದರಲ್ಲೂ ಎರಡು ಲಕ್ಷದ ರಕ್ಷಣೆ ಇದೆ. ಒಟ್ಟು ಕೂಡಿದರೆ 495.

ಈ ಮನೆಯ ಮಟ್ಟಿಗೆ ಇವತ್ತಿನ ಅಂಕಿ 495. ಊಟ, ಬಸ್ಸು, ಮಾಲಿನ ಬಂಡವಾಳ ಇದರ ಹೊರಗೆ. ಮೂವತ್ತು, ನಲವತ್ತು ಸಾವಿರದ ಚಿಂತೆ ಹೊತ್ತು ಅಂಗಡಿ ತೆರೆಯುವವರು ಇನ್ನು ಮುಂದೆ ಐನೂರು ರೂಪಾಯಿಯ ಕೆಲಸಕ್ಕೆಂದು ತೆರೆಯುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ಆ ಐನೂರು ಬೇರೆ ಡಬ್ಬಕ್ಕೆ ಬಿತ್ತೆಂದರೆ ಬಾಡಿಗೆಯ ವಿಷಯ ಆ ದಿನಕ್ಕೆ ಮುಗಿಯಿತು. ರಾತ್ರಿ ಹಾಸಿಗೆಯಲ್ಲಿ ಮತ್ತೆ ಬಾಡಿಗೆ ನೆನಪಾದರೆ ಮನಸ್ಸಿಗೆ ಕೊಡಲು ಉತ್ತರ ಇರುತ್ತದೆ: ಇವತ್ತಿನದು ಆಗಿದೆ.

ಒಂದು ದಿನ ಆಗಲಿಲ್ಲ ಎಂದರೆ? ಮರುದಿನ ಎರಡರಷ್ಟು ಹಾಕಬೇಕೆಂದು ಹೊರಟರೆ ನಾಲ್ಕೇ ದಿನದಲ್ಲಿ ಕೈಬಿಡುತ್ತೇವೆ. ತಪ್ಪಿದ ಮೊತ್ತವನ್ನು ಮುಂದಿನ ಹತ್ತು ದಿನಕ್ಕೆ ಹಂಚುವುದು ಒಳ್ಳೆಯದು, ದಿನಕ್ಕೆ ಐವತ್ತು ರೂಪಾಯಿ ಹೆಚ್ಚು ಬೀಳುತ್ತದೆ ಅಷ್ಟೆ. ಮನಸ್ಸಿಗೆ ಹಿಡಿಸುವ ಅಂಕಿಯನ್ನು ಇಟ್ಟುಕೊಳ್ಳುವುದರ ಮೇಲೆಯೇ ಇದೆಲ್ಲ ನಿಂತಿದೆ.

ಇದು ಬರೀ ಸಮಾಧಾನದ ಮಾತಲ್ಲ ಎನ್ನುವುದಕ್ಕೆ ಪುರಾವೆ ಇದೆ. ಅಮೆರಿಕದ ಒಂದು ಹೂಡಿಕೆ ಆ್ಯಪ್‌ನಲ್ಲಿ ಹರ್ಷ್‌ಫೀಲ್ಡ್, ಶೂ, ಬೆನಾರ್ಟ್ಜಿ ಎಂಬ ಮೂವರು ಸಂಶೋಧಕರು ಹೊಸ ಗ್ರಾಹಕರ ಮುಂದೆ ಒಂದೇ ಉಳಿತಾಯವನ್ನು ಮೂರು ರೀತಿಯಲ್ಲಿ ಇಟ್ಟರು: ದಿನಕ್ಕೆ 5 ಡಾಲರ್, ವಾರಕ್ಕೆ 35, ತಿಂಗಳಿಗೆ 150. ತಿಂಗಳ ಲೆಕ್ಕ ಕೇಳಿದವರಲ್ಲಿ ಸೇರಿದ್ದು ಶೇ 7ರಷ್ಟು ಮಂದಿ. ದಿನದ ಲೆಕ್ಕ ಕೇಳಿದವರಲ್ಲಿ ಸುಮಾರು ಶೇ 30. ತಿಂಗಳ ಲೆಕ್ಕದಲ್ಲಿ ಹೆಚ್ಚು ಸಂಬಳದವರು ಕಡಿಮೆ ಸಂಬಳದವರಿಗಿಂತ ಎಷ್ಟೋ ಪಾಲು ಹೆಚ್ಚು ಸೇರಿದ್ದರು. ದಿನದ ಲೆಕ್ಕ ಮುಂದಿಟ್ಟಾಗ ಆ ಅಂತರವೇ ಉಳಿಯಲಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದಕ್ಕೂ ಮುಂಚೆ, 2013ರಲ್ಲಿ, ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕೊಯ್ಲಿನ ಮೊದಲು ಒಮ್ಮೆ, ಹಣ ಕೈಸೇರಿದ ಮೇಲೆ ಒಮ್ಮೆ ಪರೀಕ್ಷಿಸಿದ್ದರು. ಅದೇ ರೈತ, ಅದೇ ತಲೆ. ಕೊಯ್ಲಿಗೆ ಮುಂಚಿನ ಬಿಗಿ ತಿಂಗಳಲ್ಲಿ ಯೋಚನೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದ. ಹಣದ ಚಿಂತೆ ಬುದ್ಧಿಯ ಜಾಗವನ್ನೇ ತಿನ್ನುತ್ತದೆ. ಕಷ್ಟದಲ್ಲಿರುವವರಿಗೆ ದುಡ್ಡಿನ ವಿವೇಕ ಇಲ್ಲ ಎಂದು ಹಂಗಿಸುವವರು ಈ ಅಧ್ಯಯನವನ್ನು ನೆನಪಿಡಬೇಕು.

ಎರಡಾಣೆಯ ಪಿಗ್ಮಿ

1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕ್ ಶುರುವಾಯಿತು. ಹೆಸರು ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಕಟ್ಟಿದವರು ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈ. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ ಕಾಲ ಅದು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವ ಕೂಲಿಯವರು, ಮೀನು ಮಾರುವವರು, ಸಣ್ಣ ಅಂಗಡಿಯವರ ಬಳಿಗೆ ಬ್ಯಾಂಕೇ ಹೋಗಬೇಕು ಎಂಬ ಯೋಚನೆಯಿಂದ 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಪಾಲು. ತಪ್ಪದೆ ಕಟ್ಟಿದವರಿಗೆ ವರ್ಷದ ಕೊನೆಗೆ ನಲವತ್ತೈದು ರೂಪಾಯಿ ಮಿಕ್ಕಿ ಸೇರುತ್ತಿತ್ತು.

ಆ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ ಒಂದರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಬ್ಯಾಂಕಿನ ಗಡಿ ದಾಟಿ, ದಿನಾ ಕಟ್ಟುವ ಎಲ್ಲ ಉಳಿತಾಯಕ್ಕೂ ಅಂಟಿಕೊಂಡಿತು. ಸಹಕಾರಿ ಬ್ಯಾಂಕುಗಳು, ಪತ್ತಿನ ಸಂಘಗಳು ಇವತ್ತಿಗೂ ಅದೇ ಹೆಸರಿನಲ್ಲಿ ಸಂಗ್ರಹಿಸುತ್ತವೆ.

ಹಲಸೂರಿನ ಬಜಾರ್ ಬೀದಿಯಂಥ ಕಡೆ ಪಿಗ್ಮಿ ಕಲೆಕ್ಟರ್ ಬರುವ ಹೊತ್ತು ಅಂಗಡಿಯವರಿಗೆ ಗೊತ್ತಿರುತ್ತದೆ. ಮೊದಲು ಕೈಯಲ್ಲಿ ಉದ್ದನೆಯ ಪುಸ್ತಕ, ಕಿವಿಯ ಹಿಂದೆ ಪೆನ್ನು ಇರುತ್ತಿತ್ತು. ಈಗ ಅಂಗೈಯಗಲದ ಯಂತ್ರ, ಅದರಿಂದ ಹೊರಬರುವ ತೆಳು ಕಾಗದದ ರಸೀದಿ. ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕರಲ್ಲೂ ಮಾತಾಡಿಸಿಕೊಂಡು ಹೋಗದಿದ್ದರೆ ದಂಡು ಪ್ರದೇಶದಲ್ಲಿ ಈ ಕೆಲಸ ನಡೆಯುವುದಿಲ್ಲ. “ಏನಮ್ಮಾ, ಇವತ್ತು ಐವತ್ತಾ, ನೂರಾ?” ಎಂದರೆ ಹೂವಿನವರು ಬುಟ್ಟಿಯ ಕಡೆ ನೋಡಿ, “ವ್ಯಾಪಾರ ಇಲ್ಲಣ್ಣ, ಇಪ್ಪತ್ತು ಬರ್ಕೋ” ಎನ್ನುತ್ತಾರೆ. ಪಿಗ್ಮಿಯ ದೊಡ್ಡ ಗುಣ ಈ ಇಪ್ಪತ್ತರಲ್ಲಿದೆ. ಚೀಟಿಯಲ್ಲಿ, ಇಎಂಐಯಲ್ಲಿ ಕಡಿಮೆ ಕೊಡಲು ಬರುವುದಿಲ್ಲ, ಇಲ್ಲಿ ಕೊಡಬಹುದು. ದಿನವೂ ಒಬ್ಬರು ಬಂದು ಕೇಳುತ್ತಾರೆ ಎಂಬುದೇ ಅರ್ಧ ಶಿಸ್ತು. ಆ ಕಲೆಕ್ಟರ್‌ಗಳ ಬದುಕೂ ಕಮಿಷನ್ ಮೇಲೆ ನಿಂತದ್ದು. ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿದೆ.

ದಿನದ ಹಣವನ್ನು ಅಂಗಡಿಯ ಡಬ್ಬದಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವವರು ಇದ್ದಾರೆ. 2012ರ ಫೆಬ್ರವರಿಯಲ್ಲಿ ರಸೆಲ್ ಮಾರ್ಕೆಟ್‌ಗೆ ಬೆಂಕಿ ಬಿದ್ದದ್ದನ್ನು ಅವರು ನೆನಪಿಸಿಕೊಳ್ಳಬೇಕು. ಬೆಳಗಾಗುವಷ್ಟರಲ್ಲಿ ಅನೇಕ ಮಳಿಗೆಗಳು ಮಾಲಿನ ಸಮೇತ ಸುಟ್ಟುಹೋದವು. ಡಬ್ಬ ಒಂದು ವಾರಕ್ಕೆ ಸಾಕು, ಅದಕ್ಕಿಂತ ಹೆಚ್ಚು ಕಾಲ ಹಣ ಅಲ್ಲಿರಬಾರದು.

ಹಾಗೆಂದು ಪಿಗ್ಮಿ ಎಂದ ಕಡೆಯೆಲ್ಲ ಹಣ ಕೊಡುವಂತಿಲ್ಲ. ನೋಡಬೇಕಾದದ್ದು ಮೊದಲು ಸಂಸ್ಥೆಯನ್ನು. ವಾಣಿಜ್ಯ ಬ್ಯಾಂಕು ಮತ್ತು ಸಹಕಾರಿ ಬ್ಯಾಂಕುಗಳಲ್ಲಿ ಒಬ್ಬರ ಠೇವಣಿಗೆ ಬಡ್ಡಿ ಸೇರಿ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಅದು ಒಂದೇ ಲಕ್ಷ ಇತ್ತು. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಬೋರ್ಡಿನಲ್ಲಿ ಬ್ಯಾಂಕಿನಂತೆಯೇ ಕಂಡರೂ ಒಳಗೆ ಬ್ಯಾಂಕ್ ಅಲ್ಲದಿರಬಹುದು. ಠೇವಣಿ ವಿಮೆ ಇದೆಯೇ ಎಂದು ನೇರವಾಗಿ ಕೇಳಲು ಸಂಕೋಚ ಬೇಡ. ಎರಡನೆಯದು ರಸೀದಿ. ಹಣ ಕೊಟ್ಟ ಕ್ಷಣ ಕಾಗದ ಅಥವಾ ಮೊಬೈಲಿಗೆ ಸಂದೇಶ ಬರಬೇಕು. ನಾಳೆ ಸೇರಿಸಿ ಬರೆಯುತ್ತೇನೆ ಎನ್ನುವವರಿಗೆ ನಾಳೆಯೇ ಕೊಟ್ಟರಾಯಿತು. ತಿಂಗಳಿಗೊಮ್ಮೆ ಶಾಖೆಗೇ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ರಸೀದಿಗಳ ಜೊತೆ ತಾಳೆ ನೋಡುವುದು ಕಲೆಕ್ಟರ್ ಮೇಲಿನ ಅಪನಂಬಿಕೆಯಲ್ಲ, ಅವರಿಗೂ ಅದು ಒಳ್ಳೆಯದೇ. ಅವಧಿಗೆ ಮುಂಚೆ ಹಣ ತೆಗೆದರೆ ಬಡ್ಡಿ ಎಷ್ಟು ಕಡಿತ, ಕಮಿಷನ್ ಎಷ್ಟು ಕಡಿತ ಎಂಬುದನ್ನು ಖಾತೆ ತೆರೆಯುವ ದಿನವೇ ಬರೆಸಿಕೊಳ್ಳಬೇಕು.

ಹೆಚ್ಚು ಲಾಭದ ಆಸೆ ತೋರಿಸುವವರ ಬಗ್ಗೆ ಶಿವಾಜಿನಗರಕ್ಕೆ ಹೊಸದಾಗಿ ಹೇಳಬೇಕಿಲ್ಲ. 2019ರ ಜೂನ್‌ನಲ್ಲಿ ಐಎಂಎ ಎಂಬ ಹೂಡಿಕೆ ಸಂಸ್ಥೆ ಕುಸಿದಾಗ ಸಾವಿರಾರು ಠೇವಣಿದಾರರು ದೂರು ಕೊಡಲು ಇಲ್ಲೇ ಸಾಲುಗಟ್ಟಿ ನಿಂತರು. ಮಗಳ ಮದುವೆಗೆಂದು, ಮನೆಗೆಂದು ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಚಿಕ್ಕ ಮೊತ್ತ ಕೂಡಿಡುವವರಿಗೆ ಅದನ್ನು ಮತ್ತೊಮ್ಮೆ ಕೂಡಿಡುವ ಆಯುಷ್ಯ ಎಲ್ಲಿಂದ ಬರಬೇಕು? ಹಾಗಾಗಿ ಸಣ್ಣ ಉಳಿತಾಯಕ್ಕೆ ಲಾಭಕ್ಕಿಂತ ಭದ್ರತೆಯೇ ಮುಖ್ಯ.

ಅಂಚೆ ಕಚೇರಿಯ ಆರ್‌ಡಿ ಈ ದೃಷ್ಟಿಯಿಂದ ಗಟ್ಟಿ. ತಿಂಗಳಿಗೆ ಕನಿಷ್ಠ ನೂರು ರೂಪಾಯಿ, ಅವಧಿ ಐದು ವರ್ಷ. 2023ರ ಅಕ್ಟೋಬರ್‌ನಿಂದ ಬಡ್ಡಿ ಶೇ 6.7ಕ್ಕೆ ಏರಿದೆ. ಖಾತೆ ತೆರೆದ ದಿನದ ದರವೇ ಕೊನೆಯವರೆಗೂ ನಿಲ್ಲುತ್ತದೆ. ದಿನಕ್ಕೆ ಐವತ್ತರಂತೆ ತೆಗೆದಿಟ್ಟು ತಿಂಗಳಿಗೊಮ್ಮೆ 1,500 ಕಟ್ಟಿದರೆ ಐದು ವರ್ಷದಲ್ಲಿ ಕಟ್ಟಿದ್ದು 90,000, ಈ ದರದಲ್ಲಿ ಕೈಗೆ ಬರುವುದು ಸುಮಾರು 1.07 ಲಕ್ಷ. ಒಂದು ವರ್ಷದ ಕಂತು ಮುಗಿದ ಮೇಲೆ ಖಾತೆಯಲ್ಲಿರುವ ಮೊತ್ತದ ಅರ್ಧದವರೆಗೆ ಸಾಲವೂ ಸಿಗುತ್ತದೆ. ಮೊಬೈಲಿನಲ್ಲಿ ದಿನಾ ಹತ್ತು ರೂಪಾಯಿಗೆ ಚಿನ್ನ ಕೊಳ್ಳುವ ಆ್ಯಪ್‌ಗಳು ಈಗ ಬಹಳ ಓಡುತ್ತಿವೆ. ಅಲ್ಲಿ ಕೊಳ್ಳುವಾಗಲೇ ಶೇ 3ರ ಜಿಎಸ್‌ಟಿ ಹೋಗುತ್ತದೆ, ಮಾರುವ ದರವೂ ಕೊಳ್ಳುವ ದರಕ್ಕಿಂತ ಕೆಳಗಿರುತ್ತದೆ. ಇಂಥ ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಬಾಡಿಗೆಯ ಹಣ, ಫೀಸಿನ ಹಣ ಅಲ್ಲಿಗೆ ಹೋಗಬಾರದು.

ಸಂಜೆಯ ಸಾವಿರ

ಸಣ್ಣ ದಿನದ ಮೊತ್ತದ ಬಲ ಬಡ್ಡಿಯವರಿಗೆ ನಮಗಿಂತ ಮೊದಲೇ ತಿಳಿದಿದೆ. ಬೆಂಗಳೂರಿನ ಮಾರುಕಟ್ಟೆಗಳಲ್ಲಿ ತಳ್ಳುಗಾಡಿಯವರು ಬೆಳಿಗ್ಗೆ ಮಾಲು ತರಲು 900 ರೂಪಾಯಿ ಪಡೆದು ಸಂಜೆ 1,000 ವಾಪಸ್ ಕೊಡುವ ಪದ್ಧತಿ ಹಳೆಯದು. ನೂರು ರೂಪಾಯಿ ತಾನೇ ಎನಿಸುತ್ತದೆ. ತಿಂಗಳಿಗೆ 25 ದಿನ ಹೀಗೆ ಮಾಡಿದರೆ 2,500, ವರ್ಷಕ್ಕೆ 30,000. ಅಸಲು ಮಾತ್ರ ಅದೇ ಒಂಬೈನೂರು.

ಇದರಿಂದ ಹೊರಬರುವ ದಾರಿಯೂ ದಿನದ ಲೆಕ್ಕದಲ್ಲೇ ಇದೆ. ದಿನಕ್ಕೆ ಮೂವತ್ತು ರೂಪಾಯಿ ಎತ್ತಿಡಬೇಕು. ಎರಡನೇ ದಿನ ಬಡ್ಡಿಯವರಿಂದ 900ರ ಬದಲು 870 ಪಡೆದರೆ ಬಡ್ಡಿ ನೂರರಿಂದ ಸುಮಾರು 97ಕ್ಕೆ ಇಳಿಯುತ್ತದೆ. ಉಳಿದ ಮೂರು ರೂಪಾಯಿಯನ್ನೂ ಆ ದಿನದ ಮೂವತ್ತಕ್ಕೆ ಸೇರಿಸಬೇಕು. ಮೂರನೇ ದಿನ ಬೇಕಾಗುವುದು 837. ಹೀಗೆ ಎತ್ತಿಟ್ಟದ್ದು, ಉಳಿಸಿದ ಬಡ್ಡಿ ಎರಡನ್ನೂ ಬಂಡವಾಳಕ್ಕೇ ಹಾಕುತ್ತ ಹೋದರೆ ಹದಿನಾಲ್ಕು ದಿನದಲ್ಲಿ ಒಂಬೈನೂರು ಸ್ವಂತದ್ದಾಗುತ್ತದೆ. ಕಡಿಮೆ ಸಾಲ ಕೊಡಲು ಬಡ್ಡಿಯವರು ಒಪ್ಪದಿದ್ದರೂ ಮೂವತ್ತರಂತೆ ಮೂವತ್ತು ದಿನ ಸಾಕು. ಆಮೇಲೆ ಆ ನೂರು ರೂಪಾಯಿ ದಿನವೂ ಮನೆಗೆ.

ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಅರ್ಥಶಾಸ್ತ್ರಜ್ಞರಾದ ಡೀನ್ ಕಾರ್ಲನ್, ಸೆಂಧಿಲ್ ಮುಲೈನಾಥನ್ ಮತ್ತು ಸಂಗಡಿಗರು ಇದೇ ರೀತಿಯ ದಿನಸಾಲವನ್ನು ಅಧ್ಯಯನ ಮಾಡಿದ್ದಾರೆ. ಚೆನ್ನೈ ಮತ್ತು ಫಿಲಿಪೀನ್ಸ್‌ನಲ್ಲಿ ನಡೆದ ಅವರ ಪ್ರಯೋಗವೊಂದರಲ್ಲಿ ವ್ಯಾಪಾರಿಗಳ ಸಾಲವನ್ನು ಪೂರ್ತಿ ತೀರಿಸಿಕೊಡಲಾಯಿತು. ಎರಡೂ ಕಡೆ ಹೆಚ್ಚಿನವರು ಆರು ವಾರದೊಳಗೆ ಮತ್ತೆ ಸಾಲಕ್ಕೆ ಬಿದ್ದರು. ಇದನ್ನು ಸೋಮಾರಿತನ ಎನ್ನಲಾಗದು. ಮಗುವಿಗೆ ಜ್ವರ, ಊರಲ್ಲಿ ಸಾವು, ಎರಡು ದಿನ ಮಳೆ. ಬಂಡವಾಳವೇ ಮನೆ ಖರ್ಚಿಗೆ ಕರಗುತ್ತದೆ. ಆದ್ದರಿಂದ ಸಾಲ ತೀರಿದ ಮರುದಿನವೂ ಮೂವತ್ತು ರೂಪಾಯಿ ಎತ್ತಿಡುವುದನ್ನು ನಿಲ್ಲಿಸಬಾರದು. ಮಾಲಿನ ದುಡ್ಡು ಒಂದು ಕಡೆ, ಆಪತ್ತಿನ ದುಡ್ಡು ಇನ್ನೊಂದು ಕಡೆ ಇರಬೇಕು. ಎರಡೂ ಒಂದೇ ಡಬ್ಬದಲ್ಲಿದ್ದರೆ ಆಪತ್ತು ಮಾಲನ್ನು ತಿನ್ನುತ್ತದೆ.

ಬಂಡವಾಳವನ್ನು ಪೂರ್ತಿ ಸ್ವಂತವಾಗಿ ಕೂಡಿಸುವವರೆಗೆ ಕಾಯಲಾಗದವರಿಗೆ ಸರ್ಕಾರದ ದಾರಿಗಳಿವೆ. 2018ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಈ ದಿನದ ಬಡ್ಡಿಯನ್ನು ನೋಡಿಯೇ ಬಡವರ ಬಂಧು ಯೋಜನೆ ತಂದು, ಸಹಕಾರಿ ಬ್ಯಾಂಕುಗಳ ಮೂಲಕ ಎರಡರಿಂದ ಹತ್ತು ಸಾವಿರದವರೆಗೆ ಬಡ್ಡಿಯಿಲ್ಲದ ಸಾಲ ಕೊಡಿಸಿತು. ಲಾಕ್‌ಡೌನ್ ಹೊಡೆತದ ನಂತರ 2020ರ ಜೂನ್‌ನಲ್ಲಿ ಕೇಂದ್ರದ ಪಿಎಂ ಸ್ವನಿಧಿ ಬಂತು. 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ಮೇಲೆ ಅದರಲ್ಲಿ ಮೊದಲ ಸಾಲ 15,000ದವರೆಗೆ, ತೀರಿಸಿದವರಿಗೆ ಎರಡನೆಯದು 25,000, ಮೂರನೆಯದು 50,000. ಸಕಾಲಕ್ಕೆ ಕಂತು ಕಟ್ಟಿದರೆ ಶೇ 7ರ ಬಡ್ಡಿ ಸಹಾಯಧನ ಖಾತೆಗೆ ಬರುತ್ತದೆ. ಬೀದಿ ವ್ಯಾಪಾರಿಯ ಗುರುತಿನ ಚೀಟಿ ಇಲ್ಲದವರು ಪಾಲಿಕೆಯಿಂದ ಶಿಫಾರಸು ಪತ್ರ ಪಡೆಯಬೇಕು. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಕೆ.ಆರ್.ಪುರ ಸಂತೆಯವರಿಗೆ ಪೂರ್ವ ನಗರ ಪಾಲಿಕೆ, ಶಿವಾಜಿನಗರ, ಹಲಸೂರಿನವರಿಗೆ ಕೇಂದ್ರ ನಗರ ಪಾಲಿಕೆ. ಹದಿನೈದು ಸಾವಿರ ಸಾಲ ಸಿಕ್ಕಿತೆಂದು ಖುಷಿಪಡುವ ಮೊದಲು ಅದರ ಕಂತನ್ನೂ 26ರಿಂದ ಭಾಗಿಸಿ ಇವತ್ತಿನ ಅಂಕಿಗೆ ಸೇರಿಸಬೇಕು.

ಸಂಬಳದವರ ದಿನ

ಒಂದನೇ ತಾರೀಕು ಸಂಬಳ ಬರುವವರು ಎತ್ತಿಡಬೇಕಾದದ್ದನ್ನು ಅಂದೇ ಎತ್ತಿಟ್ಟು, ಉಳಿದದ್ದನ್ನು ದಿನಗಳಿಗೆ ಹಂಚಬೇಕು. ಬಾಡಿಗೆ, ಕಂತು, ಫೀಸು, ಉಳಿತಾಯ ಕಳೆದು 12,000 ಉಳಿದರೆ ದಿನಕ್ಕೆ 400. ಆ ನಾನೂರರಲ್ಲಿ ತರಕಾರಿ, ಹಾಲು, ಓಡಾಟ, ತಿಂಡಿ. ಖರ್ಚಿನ ಖಾತೆಯನ್ನು ಸಂಬಳದ ಖಾತೆಯಿಂದ ಬೇರೆ ಮಾಡಿ, ವಾರಕ್ಕೊಮ್ಮೆ 2,800 ಅದಕ್ಕೆ ಹಾಕಿಕೊಂಡರೆ ಯುಪಿಐನಲ್ಲಿ ಎಲ್ಲಿ ಹೋಯಿತೆಂದು ಹುಡುಕುವ ಕಷ್ಟ ಇರುವುದಿಲ್ಲ. ಬುಧವಾರ ಹೆಚ್ಚು ಖರ್ಚಾದರೆ ಗುರುವಾರ ಗೊತ್ತಾಗುತ್ತದೆ, ತಿಂಗಳ ಕೊನೆಯವರೆಗೆ ಕಾಯಬೇಕಿಲ್ಲ.

ಕ್ರೆಡಿಟ್ ಕಾರ್ಡಿನ ಬಾಕಿಯನ್ನು ದಿನದ ಬೆಳಕಿನಲ್ಲಿ ನೋಡಿದರೆ ಅದರ ನಿಜರೂಪ ಕಾಣುತ್ತದೆ. ತಿಂಗಳಿಗೆ ಶೇ 3.5 ಬಡ್ಡಿಯ ಕಾರ್ಡಿನಲ್ಲಿ 40,000 ಬಾಕಿ ಇದ್ದರೆ, ಬಡ್ಡಿಯ ಮೇಲಿನ ಜಿಎಸ್‌ಟಿಯೂ ಸೇರಿ ದಿನಕ್ಕೆ ಸುಮಾರು 55 ರೂಪಾಯಿ ಬರೀ ಬಡ್ಡಿಗೆ ಹೋಗುತ್ತದೆ. ಕಾರ್ಡ್ ಉಜ್ಜುವುದನ್ನು ಪೂರ್ತಿ ನಿಲ್ಲಿಸಿ, ದಿನಕ್ಕೆ ನೂರರಂತೆ ತಿಂಗಳಿಗೆ 3,000 ಕಟ್ಟಿದರೆ ತೀರಲು ಇಪ್ಪತ್ತು ತಿಂಗಳು. ನೂರೈವತ್ತರಂತೆ ಕಟ್ಟಿದರೆ ಹನ್ನೆರಡು ತಿಂಗಳೊಳಗೆ ಮುಗಿಯುತ್ತದೆ. ದಿನದ ಐವತ್ತು ರೂಪಾಯಿ ಎಂಟು ತಿಂಗಳನ್ನು ಉಳಿಸುತ್ತದೆ ಎಂದಾಗ ಆ ಐವತ್ತನ್ನು ಎಲ್ಲಿಂದ ತರಬೇಕೆಂದು ತಲೆ ತಾನಾಗಿ ಓಡುತ್ತದೆ.

ದಿನದ ಲೆಕ್ಕವೇ ದುಬಾರಿಯಾಗುವ ಕಡೆಯೂ ಇದೆ. ಕೆ.ಆರ್.ಪುರದಿಂದ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಬಂದು, ನಡುವೆ ಇನ್ನೆರಡು ಕಡೆ ಓಡಾಡುವ ಕೆಲಸಗಾರ 2025ರ ಜನವರಿಯಲ್ಲಿ ಏರಿದ ದರದಂತೆ ಬಿಎಂಟಿಸಿಯ 80 ರೂಪಾಯಿಯ ದಿನದ ಪಾಸು ಕೊಳ್ಳುತ್ತಾನೆ ಎನ್ನೋಣ. 26 ದಿನಕ್ಕೆ 2,080. ತಿಂಗಳ ಪಾಸಿಗೆ 1,200. ಒಟ್ಟಿಗೆ ಸಾವಿರದಿನ್ನೂರು ಕೈಯಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ 880 ರೂಪಾಯಿ ಹೆಚ್ಚು ತೆರುತ್ತಾನೆ. ಬಡವರಿಗೇ ದುಬಾರಿ ಬೀಳುವ ವ್ಯವಸ್ಥೆ ಹೀಗೇ ನಡೆಯುತ್ತದೆ. ಒಂದು ತಿಂಗಳು ದಿನಕ್ಕೆ 47 ರೂಪಾಯಿ ಬೇರೆ ತೆಗೆದಿಟ್ಟರೆ ಮುಂದಿನ ತಿಂಗಳಿನಿಂದ ಪಾಸು ಕೊಳ್ಳಬಹುದು, ಆಮೇಲೆ ಉಳಿತಾಯವೇ ಪಾಸನ್ನು ಸಾಕುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಉಳಿದ ಆ ಬಸ್ ಚಾರ್ಜನ್ನು ಅಂದಂದೇ ಪಿಗ್ಮಿಗೆ ಹಾಕಿದವರಿಗೆ ಮಾತ್ರ ಅದು ಕಣ್ಣಿಗೆ ಕಾಣುತ್ತದೆ, ಇಲ್ಲದಿದ್ದರೆ ಬೇರೆ ಖರ್ಚಿನಲ್ಲಿ ಕರಗುತ್ತದೆ. ಇಂದಿರಾ ಕ್ಯಾಂಟೀನ್‌ನಲ್ಲಿ ತಿಂಡಿ 5 ರೂಪಾಯಿ, ಊಟ 10. ಹತ್ತಿರದಲ್ಲಿ ಇದ್ದರೆ ವಾರಕ್ಕೆ ಎರಡು ದಿನವಾದರೂ ಅಲ್ಲಿ ತಿನ್ನುವುದರಲ್ಲಿ ಸಂಕೋಚ ಪಡಬೇಕಾದದ್ದು ಏನೂ ಇಲ್ಲ.

ಆಟೋ, ಕ್ಯಾಬ್ ಓಡಿಸುವವರಿಗೆ ಒಂದು ಎಚ್ಚರ. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಬಗ್ಗೆ 1997ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದು, ಅವರು ದಿನದ ಗುರಿ ಮುಟ್ಟಿದ ಕೂಡಲೇ ಮನೆಗೆ ಹೋಗುತ್ತಾರೆ ಎಂದಿತು. ಬಾಡಿಗೆ ಚೆನ್ನಾಗಿ ಸಿಗುವ ದಿನ ಬೇಗ ನಿಲ್ಲಿಸಿ, ಸಿಗದ ದಿನ ರಾತ್ರಿಯವರೆಗೆ ದುಡಿಯುತ್ತಾರೆ ಎಂಬುದು ಅದರ ಸಾರ. ನಂತರದ ಸಂಶೋಧಕರು ಎಲ್ಲ ಚಾಲಕರೂ ಹಾಗಲ್ಲ ಎಂದು ತೋರಿಸಿದ್ದಾರೆ. ಏನೇ ಇರಲಿ, ದಿನದ ಗುರಿಯನ್ನು ಎತ್ತಿಡುವ ಮೊತ್ತಕ್ಕೆ ಇಟ್ಟುಕೊಳ್ಳಬೇಕು, ಗಳಿಕೆಗೆ ಇಟ್ಟುಕೊಳ್ಳಬಾರದು. ಮಳೆ ಬಂದು ಹಲಸೂರು ಮೆಟ್ರೋ ಸ್ಟೇಷನ್ ಮುಂದೆ ಗಿರಾಕಿಗಳು ಸಾಲು ನಿಂತ ಸಂಜೆ ಇನ್ನೊಂದು ಗಂಟೆ ಓಡಿಸಿ, ಖಾಲಿ ತಿರುಗುವ ದಿನ ಬೇಗ ಮನೆ ಸೇರುವುದೇ ದೇಹಕ್ಕೂ ಜೇಬಿಗೂ ಹಿತ.

ಲೆಕ್ಕ ಎಷ್ಟು ಸರಿಯಿದ್ದರೂ ಸಾಲದ ಮನೆಗಳಿವೆ. ಇವತ್ತಿನ ಅಂಕಿ 900 ಬಂದು, ದಿನದ ಉಳಿಕೆ 500 ಮೀರುವುದೇ ಇಲ್ಲ ಎಂದಾದರೆ ತಪ್ಪು ಮನೆಯವರ ಶಿಸ್ತಿನದಲ್ಲ. ಬಾಡಿಗೆ ಕಡಿಮೆ ಇರುವ ಕಡೆ ಹೋಗುವುದೋ, ಒಡವೆ ಮಾರಿ ದುಬಾರಿ ಬಡ್ಡಿಯ ಸಾಲ ಮೊದಲು ತೀರಿಸುವುದೋ, ಬ್ಯಾಂಕಿನವರ ಜೊತೆ ಕುಳಿತು ಕಂತಿನ ಅವಧಿ ಹೆಚ್ಚಿಸಿಕೊಳ್ಳುವುದೋ, ಮನೆಮಂದಿ ಸೇರಿ ತೀರ್ಮಾನಿಸಬೇಕು. ದಿನದ ಲೆಕ್ಕ ಇಂಥ ಮನೆಗೂ ಒಂದು ಉಪಕಾರ ಮಾಡುತ್ತದೆ: ದಿನಕ್ಕೆ ನಾನೂರು ಕೊರತೆ ಎಂದು ಕಾಗದದ ಮೇಲೆ ಬರೆದಾಗ, ಅದನ್ನು ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ತೋರಿಸಬಹುದು. ಎಲ್ಲವೂ ಒಬ್ಬರ ತಲೆಯೊಳಗೇ ಇರುವವರೆಗೆ ಯಾರೂ ಕೈ ಹಚ್ಚಲಾರರು.

ವಸೂಲಿಗೆ ಬಂದವರು ಮನೆ ಮುಂದೆ ಕೂಗಾಡುವುದು, ಬೆದರಿಸುವುದು, ಸಾಮಾನು ಎಳೆದೊಯ್ಯುವುದು ಅಪರಾಧ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ, ಆಮೇಲೆ ಕಾಯ್ದೆಯಾದ ಕಿರು ಸಾಲ, ಸಣ್ಣ ಸಾಲದ ಸುಗ್ರೀವಾಜ್ಞೆ ಇಂಥ ಬಲವಂತಕ್ಕೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇಟ್ಟಿದೆ. ದೂರು ದಾಖಲಿಸಲು ಹತ್ತಿರದ ಪೊಲೀಸ್ ಠಾಣೆ ಸಾಕು, ವಕೀಲರ ಖರ್ಚಿಲ್ಲದೆ ಕಾನೂನು ಸಲಹೆ ಬೇಕೆಂದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಬ್ಯಾಂಕ್, ಫೈನಾನ್ಸ್ ಕಂಪನಿಗಳ ಮೇಲಿನ ದೂರಿನ ಬಗ್ಗೆ ರಿಸರ್ವ್ ಬ್ಯಾಂಕಿನ 14448 ದಾರಿ ತೋರಿಸುತ್ತದೆ.

ಮೊದಲು ಲೆಕ್ಕ ಹಾಕಿದ ಎರಡು ವಿಮೆಗಳ 456 ರೂಪಾಯಿ ಮೇ ತಿಂಗಳ ಕೊನೆಯ ವಾರದಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಆಗ ಖಾತೆ ಖಾಲಿ ಇದ್ದರೆ ಜೂನ್ ಒಂದರಿಂದ ರಕ್ಷಣೆ ಇರುವುದಿಲ್ಲ. ಹಣದ ಚಿಂತೆಯಿಂದ ಊಟ ನಿದ್ದೆ ಬಿಟ್ಟವರು, ಬದುಕೇ ಬೇಡ ಎನಿಸಿದವರು ಮನೆಯಲ್ಲಿದ್ದರೆ ಲೆಕ್ಕದ ಪುಸ್ತಕ ಪಕ್ಕಕ್ಕಿಟ್ಟು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಕಾಸಿಲ್ಲ.